850 ರೂಪಾಯಿಯ ಓಬಿಡಿ ಸ್ಕ್ಯಾನರ್: ಎರಡು ವರ್ಷ ಬಳಸಿದ ಮೇಲೆ

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಕಾರು ಜರ್ಕ್ ಹೊಡೆಯತೊಡಗಿತು. ಚೆಕ್ ಇಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಶಿವಮೊಗ್ಗ ತಲುಪಿ ನೋಡ್ತಿದ್ದೆ. ಆದರೆ ಅದು ಮಿಣುಕುತ್ತಿತ್ತು. ಮಿಣುಕಿದರೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ ಎಂದರ್ಥ. ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ, ಅದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತೆ. ತಿರುವು ದಾಟಿ ಬದಿಗೆ ನಿಲ್ಲಿಸಿದೆ.

ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿ ಕೀ ಆನ್ ಮಾಡಿದೆ. ಓಬಿಡಿ ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ, ಸ್ಕ್ಯಾನರ್ ಆ ಕೋಡನ್ನು ಓದಿ ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತೆ. ಫೋನಿನಲ್ಲಿ ಬಂದದ್ದು ಪಿ0301. ಅಂದರೆ 1ನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಅದರ ಕೆಳಗೆ ಫ್ರೀಜ್ ಫ್ರೇಮ್: ಕೋಡ್ ದಾಖಲಾದ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಅನ್ನೋ ಲೆಕ್ಕ. ಆರ್‌ಪಿಎಂ 2,900, ಕೂಲಂಟ್ 92 ಡಿಗ್ರಿ, ಲೋಡ್ (ಇಂಜಿನ್ ಮೇಲಿನ ಹೊರೆ) ಶೇ. 88. ಲೋಡ್ ಬಿದ್ದಾಗ ಮಾತ್ರ ತೊಂದರೆ ಅಂತ ಅಲ್ಲೇ ಗೊತ್ತಾಯಿತು. ಸ್ಕ್ರೀನ್‌ಶಾಟ್ ತೆಗೆದುಕೊಂಡು, ಆಕ್ಸಿಲರೇಟರ್ ಹೆಚ್ಚು ಒತ್ತದೆ ನಿಧಾನವಾಗಿ ಮನೆ ಸೇರಿದೆವು.

ಗ್ಯಾರೇಜಿನಲ್ಲಿ ಕೋಡ್ ನೋಡಿದ ಕೂಡಲೇ, "ಸರ್, ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲಾ ಹೊಸದು ಹಾಕ್ಬಿಡೋಣ" ಅಂದರು. ಪ್ಲಗ್ ಕಿಡಿ ಹೊಡೆಯುತ್ತೆ, ಕಾಯಿಲ್ ಅದಕ್ಕೆ ಕರೆಂಟ್ ಕೊಡುತ್ತೆ, ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುತ್ತೆ. ಒಂಬತ್ತು ಸಾವಿರದ ಲೆಕ್ಕ. ಕೋಡ್ ಯಾವ ಸಿಲಿಂಡರ್ ಅಂತ ಹೇಳುತ್ತೆ, ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳಲ್ಲ. ಅದನ್ನು ನಾವೇ ಹುಡುಕಬೇಕು.

ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿದೆ. ನನ್ನ ಕಾರಿನದು ಮೂರು ಸಿಲಿಂಡರ್, ಪ್ರತಿ ಪ್ಲಗ್ ಮೇಲೂ ಒಂದು ಕಾಯಿಲ್. ಕನೆಕ್ಟರಿನ ಲಾಕ್ ಒತ್ತಿ ಎಳೆದು, 10 ನಂಬರ್ ಬೋಲ್ಟ್ ಬಿಚ್ಚಿದರೆ ಕಾಯಿಲ್ ಕೈಗೆ ಬರುತ್ತೆ. 1ರ ಕಾಯಿಲನ್ನು 3ಕ್ಕೆ ಹಾಕಿದೆ, 3ರದ್ದನ್ನು 1ಕ್ಕೆ. ಬೇರೇನೂ ಮುಟ್ಟಲಿಲ್ಲ. ಕೋಡ್ ಅಳಿಸಿ, ಊರಾಚೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಒಂದು ಸಲ ಜೋರಾಗಿ ಓಡಿಸಿದೆ. ಜರ್ಕ್ ಬಂತು. ಈಗ ಕೋಡ್ ಪಿ0303! ಕಾಯಿಲ್ ಜೊತೆ ತೊಂದರೆಯೂ ಜಾಗ ಬದಲಿಸಿತ್ತು. ಪ್ಲಗ್, ಇಂಜೆಕ್ಟರ್ ಇದ್ದಲ್ಲೇ ಇವೆ, ಹಾಗಾದರೆ ಕೆಟ್ಟಿದ್ದು ಕಾಯಿಲ್ಲೇ ಅಲ್ವಾ? 1,650 ಕೊಟ್ಟು ಒಂದೇ ಕಾಯಿಲ್ ತಂದು ಹಾಕಿದೆ. ಹದಿನಾಲ್ಕು ತಿಂಗಳಾಯಿತು, ಲೈಟ್ ಮತ್ತೆ ಹತ್ತಿಲ್ಲ. ಆ ಬೆಳಿಗ್ಗೆ ಆದ ಖುಷಿ ಕಾರು ತಂದ ದಿನವೂ ಆಗಿರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಸ್ಕ್ಯಾನರ್ ಚುಚ್ಚಿ, ಕಾಫಿ ಲೋಟ ಹಿಡಿದು ಕಾರಿನಲ್ಲಿ ಹತ್ತು ನಿಮಿಷ ಕೂರುತ್ತೇನೆ. ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿ 12.5 ವೋಲ್ಟ್. ಮಾಡಿದ ಮೇಲೆ 14.1. ಕೂಲಂಟ್ 24 ಡಿಗ್ರಿಯಿಂದ ಒಂದೊಂದೇ ಮೇಲೇರೋದು ನೋಡುತ್ತಾ ಕಾಫಿ ಮುಗಿಸುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಇದಕ್ಕೆ ಮೂರೇ ಸ್ಟಾರ್ ಕೊಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಮರೆತು ಸಾಕೆಟ್‌ನಲ್ಲೇ ಬಿಟ್ಟು ಎಂಟು ದಿನ ಊರಿಗೆ ಹೋಗಿದ್ದೆ. ಆ ಸಾಕೆಟ್‌ಗೆ ಕೀ ಆಫ್ ಇದ್ದರೂ ಕರೆಂಟ್ ಬರುತ್ತೆ, ಈ ಸ್ಕ್ಯಾನರ್‌ಗೆ ಸ್ವಿಚ್ಚೇ ಇಲ್ಲ. ವಾಪಸ್ ಬಂದಾಗ ಸೆಲ್ಫ್ ಟಕ್ ಟಕ್ ಅಂತಿತ್ತು, ಬೆಳಗಿನ ಆರು ಗಂಟೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ತಳ್ಳಿಸಬೇಕಾಯಿತು. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳನ್ನೂ ಇದು ಓದಲ್ಲ. ಬ್ಲೂಟೂತ್ ಆಗಾಗ ಕೈಕೊಡುತ್ತೆ.

ಕೊಂಡವರು ಒಂದು ವಿಷಯ ಗಮನದಲ್ಲಿಡಿ. ಲೈಟ್ ಹತ್ತಿತು ಅಂತ ಗಾಬರಿಯಲ್ಲಿ ಕೋಡ್ ಅಳಿಸಬೇಡಿ. ಅಳಿಸಿದರೆ ಫ್ರೀಜ್ ಫ್ರೇಮೂ ಹೋಗುತ್ತೆ, ಆಮೇಲೆ ಹುಡುಕೋಕೆ ಏನೂ ಉಳಿಯಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೀರಿ. ಈ ಸ್ಕ್ಯಾನರ್ ಓದುವ ಓಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಿಂದ, ಅದಕ್ಕಿಂತ ಹಳೇ ಕಾರಾದರೆ ವಿಚಾರಿಸಿ ಕೊಳ್ಳಿ. ನಾನು ಮುಂದಿನ ತಿಂಗಳು ಸ್ವಿಚ್ ಇರೋದನ್ನು ತರುತ್ತೇನೆ. ಇದು ಭಾವನ ಕಾರಿಗೆ ಹೋಗುತ್ತೆ, ಬಳಸಿದ ಕೂಡಲೇ ಕಿತ್ತಿಡು ಅಂತ ಚೀಟಿ ಅಂಟಿಸಿಯೇ ಕೊಡುತ್ತೇನೆ.