ಬದಿಯಡ್ಕ ಕ್ಯಾಂಪ್ಕೋದಲ್ಲಿ ಅಡಿಕೆ ಕೊಟ್ಟದ್ದು: ಸಣ್ಣ ತೋಟದವರಿಗೆ ಒಳ್ಳೇದುಂಟು

ಅಡಿಕೆ ಎಲ್ಲಿ ಕೊಡುವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕ್ಯಾಂಪ್ಕೋ (ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ) ಅಂತಲೇ ಹೇಳುವುದು. ಈ ಸಲ ಹೊಸ ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ ಒಳ್ಳೆ ಅಡಿಕೆ), ಜೊತೆಗೆ ಸ್ವಲ್ಪ ಕಮ್ಮಿ ದರ್ಜೆಯ ಪಟೋರ, ಕರಿಗೋಟು ತಗೊಂಡು ಹೋಗಿದ್ದೆ. ಗೋಣಿ ಸುರಿದು ಕೈಯಲ್ಲಿ ಹರಡಿ, ಸಂಶಯ ಬಂದದ್ದನ್ನು ಎರಡು ತುಂಡು ಮಾಡಿ ಒಳಗೆ ತೋರಿಸಿ, ಇದು ಯಾಕೆ ಚಾಲಿಗೆ ಸೇರುವುದಿಲ್ಲ ಅಂತ ಎದುರೇ ಹೇಳಿದ್ರು, ತೂಕವೂ ಎದುರೇ, ದುಡ್ಡು ಸೀದಾ ಬ್ಯಾಂಕಿಗೆ. ಮೊದಲು ಕೊಡ್ತಿದ್ದ ಒಂದು ಖಾಸಗಿ ಅಂಗಡಿಯಲ್ಲಿ ಗೋಣಿ ಬಿಚ್ಚುವ ಮೊದಲೇ "ಹೊರಗಿನ ಮಾಲು ಬಂದಿದೆ, ರೇಟ್ ಇಲ್ಲ" ಅಂತ ಹೇಳಿ ಒಳ್ಳೆ ಚಾಲಿಗೂ ಕಮ್ಮಿ ಹಾಕ್ತಿದ್ರು.

ಹೊರಗಿನ ಮಾಲು ಬರುವುದು ಸುಳ್ಳೇನಲ್ಲ. ಅಡಿಕೆಗೆ ಆಮದು ಸುಂಕ 100% ಇದ್ರೂ ಸಾಫ್ಟಾದಲ್ಲಿ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ), 2000ರಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದಲ್ಲೆಲ್ಲ ಸುಂಕದ ರಿಯಾಯಿತಿ ಉಂಟು, ಹಾಗಾಗಿ ಇಂಡೋನೇಷ್ಯಾದ ಅಡಿಕೆ ನೆರೆದೇಶದ ಸರ್ಟಿಫಿಕೇಟ್ ಹಿಡ್ಕೊಂಡು ಒಳಗೆ ಬಂದ ಕೇಸುಗಳು ಸಿಕ್ಕಿಬಿದ್ದಿವೆ. ಅದಕ್ಕೇ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಕಮ್ಮಿ ಬೆಲೆಗೆ ಮಾಲು ತರಲಿಕ್ಕಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು. ಭೂತಾನಿಂದ ಆ ಬೆಲೆಯ ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲಿಕ್ಕೆ 2022ರಲ್ಲಿ ಒಪ್ಪಿಗೆ ಕೊಟ್ಟಾಗ ಇಲ್ಲಿ ಎಲ್ಲರಿಗೂ ಸಿಟ್ಟು ಬಂತು, ಆದ್ರೆ ಅಲ್ಲಿಯ ಬೆಳೆಗಾರರೂ ಬದುಕ್ಬೇಕಲ್ವಾ, ನನ್ನ ತಕರಾರು ಇರುವುದು ಬೇರೆ ದೇಶದ ಮಾಲಿಗೆ ಊರು ಬದಲಿಸಿ ತರುವವರ ಮೇಲೆ.

ರೇಟ್ ಬಿದ್ರೆ ಪೆಟ್ಟು ತೋಟದ ಯಜಮಾನನಿಗೆ ಮಾತ್ರ ಅಲ್ಲ. ಮರಕ್ಕೆ ಮದ್ದು ಬಿಡುವವರನ್ನು ಕರೆಯುವುದು ಒಂದು ಸಲಕ್ಕೆ ಇಳೀತದೆ, ಮಳೆ ಜೋರಾದ್ರೆ ಕೊಳೆರೋಗ ಬಂದು ಕಾಯೆಲ್ಲ ಉದುರ್ತದೆ, ಆಮೇಲೆ ಅಡಿಕೆ ಸುಲಿಯುವ ಹೆಂಗಸರಿಗೂ ಕೆಲಸ ಇಲ್ಲ. ರೇಟ್ ಏರಿದ್ರೆ ಇನ್ನೊಂದು ತೊಂದರೆ, ಬೈಲುಗದ್ದೆಗೆಲ್ಲ ಅಡಿಕೆ ಸಸಿ, ಬೋರ್‌ವೆಲ್ ಮೇಲೆ ಬೋರ್‌ವೆಲ್, ಅಜ್ಜಂದಿರು ನೀರಿಗಾಗಿ ಗುಡ್ಡಕ್ಕೆ ತೋಡಿದ ಸುರಂಗದಲ್ಲಿ ಬೇಸಿಗೆಗೆ ನೀರಿಲ್ಲ. ಒಪ್ಪಂದಕ್ಕೆ ಸಹಿ ಹಾಕುವವರು ಆಮದು ರಫ್ತಿನ ಲೆಕ್ಕದ ಜೊತೆ ಇದನ್ನೂ ಲೆಕ್ಕ ಹಾಕ್ಬೇಕು.

1970ರ ಸುಮಾರಿಗೆ ಅಡಿಕೆ ರೇಟ್ ನೆಲಕಚ್ಚಿದಾಗ ಕೇರಳ ಕರ್ನಾಟಕ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದ್ದು, ಗಡಿಯ ನಮಗೆ ಇದು ದೊಡ್ಡ ಧೈರ್ಯ. ಹೊರಗಿನ ಮಾಲು ಎಷ್ಟು, ಎಲ್ಲಿಂದ ಬಂತು ಅಂತ ರೇಟ್ ಬೋರ್ಡಿನ ಪಕ್ಕದಲ್ಲಿ ಬರೆದು ಹಾಕಿದ್ರೆ ಇನ್ನೂ ಚೆಂದ, ಆಗ ಯಾರೂ ನಮ್ಮನ್ನು ಹೆದರಿಸ್ಲಿಕ್ಕೆ ಆಗುವುದಿಲ್ಲ.

ಐದಕ್ಕೆ ಐದು ಸ್ಟಾರ್. ಹೋಗುವವರು ಅಡಿಕೆ ಸರಿಯಾಗಿ ಒಣಗಿಸಿ, ಪಟೋರ ಕರಿಗೋಟು ಮನೆಯಲ್ಲೇ ಬೇರೆ ಮಾಡಿ ತಗೊಂಡು ಹೋಗಿ.