ಪಾಯ್ಸನ್ 'ಗ್ರೇಟೆಸ್ಟ್ ಹಿಟ್ಸ್': ಒಂದು ಡಿಸ್ಕ್, ಮೂವರು ಗಿಟಾರಿಸ್ಟರು

ಅಮೆರಿಕದ ರಾಕ್ ಬ್ಯಾಂಡ್ ಪಾಯ್ಸನ್ ತಂದ 'ಗ್ರೇಟೆಸ್ಟ್ ಹಿಟ್ಸ್ 1986–1996' ಸಿ.ಡಿ.ಯನ್ನು ಹೆಚ್ಚಿನವರು ತರುವುದು ಒಂದೇ ಹಾಡಿಗೆ: 'ಎವ್ರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್'. ಹಾಡೇನೋ ಅಷ್ಟು ಒಳ್ಳೆಯದೇ. ಆದರೆ ಈ ಸಂಗ್ರಹದ ಸ್ವಾರಸ್ಯ ಇರುವುದು ಗಿಟಾರಿನಲ್ಲಿ. ಹದಿನೆಂಟು ಹಾಡುಗಳಲ್ಲಿ ಮೂವರು ಗಿಟಾರಿಸ್ಟರ ಕೈ ಕೇಳುತ್ತದೆ. ಹಾಡುಗಳನ್ನು ಕಾಲಕ್ರಮ ಬಿಟ್ಟು ಕಲಸಿ ಜೋಡಿಸಿದ್ದರಿಂದ ಅದು ಸುಲಭವಾಗಿ ಗೊತ್ತಾಗುವುದಿಲ್ಲ.

ಬಹುಪಾಲು ಹಾಡುಗಳಲ್ಲಿ ನುಡಿಸಿರುವವರು ಸಿ.ಸಿ. ಡೆವಿಲ್. ಅವರ ಕೈ ಒರಟು, ಅವಸರದ್ದು, ಆದರೆ ರಾಗ ಬಾಯಿಗೆ ಕೂರುತ್ತದೆ. 'ಟಾಕ್ ಡರ್ಟಿ ಟು ಮಿ'ಯ ಸೋಲೋ (ಹಾಡು ನಿಂತು ಗಿಟಾರ್ ಮುಂದೆ ಬರುವ ಭಾಗ) ಶುರುವಾಗುವ ಮುಂಚೆ ಗಾಯಕ ಬ್ರೆಟ್ ಮೈಕಲ್ಸ್ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಬರುವ ಸೋಲೋವನ್ನು ಯಾರು ಬೇಕಾದರೂ ಗುನುಗಬಹುದು. 1993ರ 'ಸ್ಟ್ಯಾಂಡ್'ನಲ್ಲಿ ಇರುವವರು ರಿಚಿ ಕೋಟ್ಜನ್. ಅಲ್ಲಿ ಬ್ಲೂಸ್ ಶೈಲಿಯ ಹಿಡಿತ, ಹಿಂದೆ ಚರ್ಚಿನ ಮೇಳಗಾನ. ಕೊನೆಯ ಎರಡು, 'ಸೆಕ್ಶುಯಲ್ ಥಿಂಗ್' ಮತ್ತು 'ಲೇ ಯುವರ್ ಬಾಡಿ ಡೌನ್', ಈ ಸಂಗ್ರಹಕ್ಕೆ ಮೊದಲು ಎಲ್ಲೂ ಬಂದಿರಲಿಲ್ಲ. ಅವುಗಳಲ್ಲಿ ಬ್ಲೂಸ್ ಸರಸೀನೊ ಎಂಬ ಗಿಟಾರಿಸ್ಟ್ ನುಡಿಸಿದ್ದಾರೆ. ನುಡಿಸಾಣಿಕೆ ನಯ, ಹಾಡು ಸಪ್ಪೆ. ಬಿಟ್ಟರೂ ನಷ್ಟವಿಲ್ಲ.

ಕ್ರಮ ಕಲಸಿದ್ದರಿಂದ ಧ್ವನಿಗೂ ಪೆಟ್ಟು ಬಿದ್ದಿದೆ. 1986ರ ಮೊದಲ ಆಲ್ಬಮ್ಮಿನ ಹಾಡುಗಳು ತೆಳ್ಳಗೆ ಕೇಳುತ್ತವೆ. 1990ರ 'ಫ್ಲೆಶ್ ಅಂಡ್ ಬ್ಲಡ್' ಬ್ರೂಸ್ ಫೇರ್‌ಬೇರ್ನ್ ನಿರ್ಮಾಣದ್ದು. ಅದರ ಡ್ರಮ್ ದಪ್ಪ, ಬೇಸ್ ತುಂಬು. ಆ ಮೊದಲ ಆಲ್ಬಮ್ಮಿನ 'ಟಾಕ್ ಡರ್ಟಿ'ಗೆ ಅಂತ ಬೇಸ್ ಏರಿಸಿಟ್ಟರೆ, ಅದರ ಬೆನ್ನಿಗೇ ಬರುವ 'ಫ್ಲೆಶ್ ಅಂಡ್ ಬ್ಲಡ್'ನ 'ಅನ್‌ಸ್ಕಿನ್ನಿ ಬಾಪ್'ಗೆ ಕಾರಿನ ಬಾಗಿಲ ಸ್ಪೀಕರ್ ಗುಂಯ್‌ಗುಡುತ್ತದೆ. ಬೇಸ್ ನಡುವಿನಲ್ಲೇ ಇರಲಿ. ಪ್ಲೇಯರಿನಲ್ಲಿ ಪ್ರೋಗ್ರಾಮ್ ಗುಂಡಿ ಇದ್ದರೆ 1986, 1988, 1990, 1991, 1993 ಎಂದು ಆಲ್ಬಮ್ ಪ್ರಕಾರ ಜೋಡಿಸಿ. ಶಿವಮೊಗ್ಗ ಬಿಟ್ಟು ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿ ಸೇರುವ ಹೊತ್ತಿಗೆ ಡಿಸ್ಕೂ ಹೆಚ್ಚುಕಡಿಮೆ ಮುಗಿಯುತ್ತದೆ, ಬ್ಯಾಂಡ್ ಬೆಳೆದ ಬಗೆಯೂ ಕಿವಿಗೆ ಸಿಗುತ್ತದೆ.

ಇನ್ನು ಆ ಗುಲಾಬಿ ಹಾಡು. 1988ರ ಡಿಸೆಂಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಎಂಬ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದ್ದು. ಶುರುವಿನಲ್ಲಿ ಒಂದು ನಿಟ್ಟುಸಿರು, ಆಮೇಲೆ ಅಕೂಸ್ಟಿಕ್ ಗಿಟಾರ್. ಮುಂಗಾರಿನಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಇದೆರಡೂ ಮಳೆಯ ಸದ್ದಿನಲ್ಲಿ ಮುಳುಗಿಹೋಗುತ್ತವೆ, ಅದಕ್ಕೆ ಹೆಡ್‌ಫೋನೇ ಬೇಕು.

ಈ ಹಾಡನ್ನು ನುಡಿಸಿ ಕಲಿಯುವವರು ಮೊದಲು ಎಡವುವುದು ಶ್ರುತಿಯಲ್ಲಿ. ರೆಕಾರ್ಡಿನಲ್ಲಿ ಗಿಟಾರ್ ಅರ್ಧ ಸ್ವರ ಕೆಳಗಿದೆ. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳ ನಡುವಿನ ಮನೆಗೆ ಫ್ರೆಟ್ ಅನ್ನುತ್ತಾರೆ; ಆರೂ ತಂತಿಯನ್ನು ಒಂದೊಂದು ಫ್ರೆಟ್‌ನಷ್ಟು ಸಡಿಲಿಸಬೇಕು. ದಪ್ಪ ತಂತಿಯ ಮೊದಲ ಫ್ರೆಟ್ ಒತ್ತಿದಾಗ ಸಡಿಲಿಸುವ ಮುಂಚಿನ 'ಇ' ಸ್ವರ ಬಂದರೆ ಸರಿ. ಬೇಕಾದ್ದಕ್ಕಿಂತ ತುಸು ಕೆಳಗಿಳಿಸಿ, ಮತ್ತೆ ಬಿಗಿಮಾಡಿ ಸೇರಿಸಿ. ಬರೀ ಸಡಿಲಿಸಿ ಬಿಟ್ಟರೆ ನಾಲ್ಕು ಸಲ ಮೀಟುವಷ್ಟರಲ್ಲಿ ತಂತಿ ಜಾರುತ್ತದೆ.

ಜಿ ಕಾರ್ಡಿಗೆ (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ನಡುಬೆರಳು ಎಲ್ಲಕ್ಕಿಂತ ದಪ್ಪದ ಆರನೆ ತಂತಿಯ ಮೂರನೆ ಫ್ರೆಟ್‌ನಲ್ಲಿ, ತೋರುಬೆರಳು ಐದನೆ ತಂತಿಯ ಎರಡರಲ್ಲಿ, ಉಂಗುರ ಮತ್ತು ಕಿರುಬೆರಳು ಎರಡನೆ, ಮೊದಲನೆ ತಂತಿಗಳ ಮೂರರಲ್ಲಿ. ಸಿ ಆಡ್ 9 ಎಂಬ ಮುಂದಿನ ಕಾರ್ಡಿಗೆ ಹೋಗುವಾಗ ಉಂಗುರ, ಕಿರುಬೆರಳು ಏಳಲೇಬಾರದು. ನಡು, ತೋರು ಬೆರಳು ಮಾತ್ರ ಒಂದೊಂದು ತಂತಿ ಕೆಳಗೆ, ಐದನೆ ಮತ್ತು ನಾಲ್ಕನೆ ತಂತಿಗೆ, ಸರಿಯುತ್ತವೆ. ಎಲ್ಲರೂ ತಪ್ಪುವುದು ಇಲ್ಲೇ: ನಾಲ್ಕೂ ಬೆರಳು ಎತ್ತಿ ಮಾಮೂಲಿ ಸಿ ಹಿಡಿಯುತ್ತಾರೆ, ಮೊದಲೆರಡು ತಂತಿಯ ಎಳೆ ಕಡಿದುಹೋಗುತ್ತದೆ. ಆ ಎಳೆ ಕಡಿದರೆ ಹಾಡಿನ ಜೀವವೇ ಹೋದಂತೆ.

ಮಲೆನಾಡಿನ ಮಳೆಯ ತೇವಕ್ಕೆ ಗಿಟಾರಿನ ಮರ ಉಬ್ಬಿ ತಂತಿ ಮೇಲೇಳುತ್ತದೆ, ಶ್ರುತಿಯೂ ಏರುತ್ತದೆ. ಆಷಾಢದಲ್ಲಿ ದಿನವೂ ಶ್ರುತಿ ನೋಡಿ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಹಳೆಯ ಪ್ರತಿ ಕೊಳ್ಳುವುದಾದರೆ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ತೂತು ಕಂಡರೆ ಬೆಳ್ಳಿ ಬಣ್ಣದ ಪದರ ಕಿತ್ತಿದೆ ಅಂತ, ಅದನ್ನು ಬಿಟ್ಟುಬಿಡಿ. ಮೇಲೆ ಬೂಷ್ಟು ಮಾತ್ರ ಹಿಡಿದಿದ್ದರೆ ಚಿಂತೆಯಿಲ್ಲ: ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತಾಗಿ ಉಜ್ಜಿದರೆ ಗೀರು ಟ್ರ್ಯಾಕಿನ ಗುಂಟವೇ ಬೀಳುತ್ತದೆ, ಹಾಡು ಅಲ್ಲೇ ನಿಲ್ಲುತ್ತದೆ. ಒಳಗಿನ ಪುಸ್ತಕದ ಹಾಳೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬಿಸಿಲು ಬಂದ ದಿನ ನೆರಳಿನಲ್ಲಿ ಹರವಿಡಿ.