ದುಬೈಯಲ್ಲಿ ಹಳೆಯ ವ್ಯಾಪಾರ ಲೈಸೆನ್ಸ್ ಇಟ್ಟುಕೊಂಡವರು ಒಮ್ಮೆ ಕಪಾಟು ತೆರೆದು ನೋಡಿ

ಅರೇಬಿಕ್ ಅಂಕಿಯಲ್ಲಿ ಐದು ಎಂದರೆ ನಮ್ಮ ಕನ್ನಡದ ಸೊನ್ನೆಯ ಹಾಗೆ ಒಂದು ದುಂಡು. ಒಂದು ಎಂದರೆ ನೆಟ್ಟಗಿನ ಗೀಟು. 2011ರಲ್ಲಿ ದುಬೈಯ ಹಳೆಯ ಪೇಟೆ ದೇರಾದಲ್ಲಿ, ಕಾಗದಪತ್ರ ಬರೆದುಕೊಡುವ ಟೈಪಿಂಗ್ ಸೆಂಟರಿನಲ್ಲಿ ಕುಳಿತು, ಕಂಪನಿ ಪತ್ರದ ಬಲಗಡೆಯ ಅರೇಬಿಕ್ ಅಂಕಣದಲ್ಲಿ ಆ ದುಂಡನ್ನೂ ಗೀಟನ್ನೂ ಕಂಡು ‘ಸೊನ್ನೆ ಒಂದು’ ಎಂದು ಓದಿದ್ದೆ. ಟೈಪ್ ಮಾಡುತ್ತಿದ್ದ ಹುಡುಗ ನಕ್ಕ. ಅದು ಐವತ್ತೊಂದು.

ಮೋಸವೇನೂ ಇರಲಿಲ್ಲ. ವಿದೇಶಿಯರಿಗೆ ಪೂರ್ತಿ ಪಾಲು ಬಿಡುವ ವಿಶೇಷ ವಲಯವಾದ ಫ್ರೀ ಝೋನ್ ಹೊರಗೆ ವ್ಯಾಪಾರದ ಕಂಪನಿ ತೆರೆಯಬೇಕಾದರೆ ಶೇ 51 ಪಾಲು ಅಲ್ಲಿನ ಪ್ರಜೆಯದಾಗಿರಬೇಕು ಎಂಬುದು ಆಗಿನ ಕಾನೂನು. ನನ್ನ ಕಫೀಲರು, ಅಂದರೆ ಆ ಪಾಲಿಗೆ ಹೆಸರು ಕೊಟ್ಟ ಅಲ್ಲಿನ ಪ್ರಜೆ, ಒಳ್ಳೆಯ ಮನುಷ್ಯ. ವರ್ಷಕ್ಕೆ 20,000 ದಿರ್ಹಮ್ ತೆಗೆದುಕೊಂಡು ಎಲೆಕ್ಟ್ರಿಕಲ್ ಅಂಗಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇಂಗ್ಲಿಷಿನಲ್ಲಿ ಇನ್ನೊಂದು ಕರಾರು ಇತ್ತು: ಬಂಡವಾಳ, ಲಾಭ, ನಷ್ಟ ಎಲ್ಲ ನನ್ನದು, ಅವರದು ಹೆಸರು ಮಾತ್ರ. ಅದನ್ನು ನೋಟರಿಯ ಮುಂದೆ ಒಯ್ಯುವಂತಿರಲಿಲ್ಲ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ನಾನೂ ಮಾಡಿದೆ.

2016ರಲ್ಲಿ ಅವರು ತೀರಿಕೊಂಡರು. ಹೂವಿನಂಥ ಸಂಬಂಧ ಒಂದೇ ವಾರದಲ್ಲಿ ಲೆಕ್ಕವಾಯಿತು. ಶರೀಯತ್ ಪ್ರಕಾರ ಪತ್ನಿಗೆ ಎಂಟನೆಯ ಒಂದು ಭಾಗ, ಉಳಿದದ್ದರಲ್ಲಿ ಮಗಳಿಗಿಂತ ಮಗನಿಗೆ ಎರಡು ಪಟ್ಟು. ಹಂಚಿಕೆಯಾಗಿದ್ದು ನನ್ನ ಅಂಗಡಿ. ಏಳು ಜನ ವಾರಸುದಾರರು, ಅವರಲ್ಲಿ ಒಬ್ಬ ಅಪ್ರಾಪ್ತ. ಲೈಸೆನ್ಸ್ ನವೀಕರಣಕ್ಕೆ ಎಲ್ಲರ ಸಹಿಯೂ ಬೇಕು, ಹುಡುಗನ ಪರವಾಗಿ ಕೋರ್ಟಿನ ಒಪ್ಪಿಗೆಯೂ ಬೇಕು. ಹಿರಿಯ ಮಗ ಕಹ್ವಾ ಎಂಬ ಅರಬ್ ಕಾಫಿ ಕೊಟ್ಟು, ಖರ್ಜೂರದ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ತಂದೆಯ ಆಸ್ತಿಯಲ್ಲಿ ಇದೂ ಒಂದು ಎಂದು ಮೆಲ್ಲಗೆ ಹೇಳಿದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ವಕೀಲರು ನನ್ನ ಗುಟ್ಟಿನ ಕರಾರನ್ನು ಎರಡು ನಿಮಿಷ ನೋಡಿ ಮಡಚಿಟ್ಟರು. “ಇದನ್ನು ಕೋರ್ಟಿಗೆ ಕೊಟ್ಟರೆ, ಕಾನೂನು ತಪ್ಪಿಸಿದ್ದೇನೆ ಎಂದು ನೀವೇ ಬರೆದು ಕೊಟ್ಟ ಹಾಗೆ.”

ಅಷ್ಟರಲ್ಲಿ ಲೈಸೆನ್ಸ್ ಅವಧಿ ಮುಗಿದು ಬ್ಯಾಂಕ್ ಖಾತೆ ಸ್ತಬ್ಧವಾಗಿತ್ತು. ಅಲ್ಲಿ ಬಾಡಿಗೆಯನ್ನು ಮುಂದಿನ ತಾರೀಖಿನ ಚೆಕ್‌ಗಳಲ್ಲಿ ಕೊಡುವುದು ವಾಡಿಕೆ. ಒಂದು ಚೆಕ್ ಮರಳಿತು, ಆಗ ಅದು ಕ್ರಿಮಿನಲ್ ಅಪರಾಧ. ಉಡುಪಿಯಲ್ಲಿ ಅಮ್ಮನ ಕಣ್ಣಿನ ಆಪರೇಷನ್ ನಡೆದ ದಿನ ನಾನು ಠಾಣೆಯ ಬೆಂಚಿನ ಮೇಲಿದ್ದೆ. ಕೊನೆಗೆ ಗೋದಾಮಿನ ಸರಕನ್ನು ಸಿಕ್ಕ ಬೆಲೆಗೆ ಮಾರಿ, ವಾರಸುದಾರರ ಪಾಲು ಕೊಟ್ಟು ಹೊರಬಂದೆ.

ಈಗ ಕಾನೂನು ಬದಲಾಗಿದೆ. 2021ರ ಜೂನ್ 1ರಿಂದ ಯುಎಇಯಲ್ಲಿ ಬಹುತೇಕ ವ್ಯಾಪಾರಗಳಲ್ಲಿ ನೂರಕ್ಕೆ ನೂರು ಪಾಲು ವಿದೇಶಿಯರದೇ ಆಗಬಹುದು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳಿದ ಮಾತ್ರಕ್ಕೆ ಕ್ರಿಮಿನಲ್ ಕೇಸು ಎಂಬುದು 2022ರ ಜನವರಿ 2ಕ್ಕೆ ಹೋಯಿತು, ಆದರೆ ಹಣ ವಸೂಲಿಯ ವಿಷಯ, ವಸೂಲಿ ಮಾಡಿಸುವ ಜಾರಿ ನ್ಯಾಯಾಧೀಶರ ಬಳಿಗೆ ನೇರವಾಗಿ ಹೋಗುತ್ತದೆ. ಹಳೆಯ ಪತ್ರದಲ್ಲಿರುವ ಆ ದುಂಡು ಮತ್ತು ಗೀಟು ಮಾತ್ರ ತಾನಾಗಿ ಅಳಿಸಿಹೋಗುವುದಿಲ್ಲ. ಕಫೀಲರು ಬದುಕಿರುವಾಗಲೇ ನೋಟರಿಯ ಮುಂದೆ ಪಾಲು ಬರೆಸಿಕೊಳ್ಳಬೇಕು. ಸೌದಿಯಲ್ಲಿರುವವರು ಇನ್ನೂ ಹುಷಾರಾಗಿರಿ: ಅಲ್ಲಿ ಬೇರೆಯವರ ಹೆಸರಿನಲ್ಲಿ ವ್ಯಾಪಾರ ಮಾಡುವುದನ್ನು ‘ತಸತ್ತುರ್’ ಎನ್ನುತ್ತಾರೆ. 2020ರ ಕಾನೂನಿನಲ್ಲಿ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ.

ದೇರಾದಲ್ಲಿ ನನ್ನ ಪಕ್ಕದ ಅಂಗಡಿಯವರಿಗೆ ಮೊನ್ನೆ ಫೋನ್ ಮಾಡಿ ಪತ್ರ ಬದಲಾಯಿಸಿದಿರಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು. ಅವರ ಕಫೀಲರಿಗೆ 78 ವರ್ಷ. “ತುಂಬಾ ಒಳ್ಳೆಯ ಮನುಷ್ಯ, ಏನೂ ತೊಂದರೆಯಿಲ್ಲ.”